ಬೆಳಕಿಗೂ ಸಹಿ ಇದೆ



ಮಳೆ ನಿಂತು ಬಿಸಿಲು ಬಂದಾಗ ಕಾಮನಬಿಲ್ಲು ಮೂಡುತ್ತದೆ. ನಾವೆಲ್ಲ ನೋಡಿದ್ದೇವೆ. ಬಟ್ಟೆ ಒಗೆಯುವಾಗ ಸೋಪಿನ ಗುಳ್ಳೆಯಲ್ಲೂ ಬಣ್ಣ ಕಾಣುತ್ತದೆ. ರಸ್ತೆಯ ನೀರಿನ ಮೇಲೆ ಡೀಸೆಲ್ ಚೆಲ್ಲಿದರೆ ಅಲ್ಲೂ ಬಣ್ಣ. ಹಕ್ಕಿ ಓಡಿಸಲು ಹೊಲದಲ್ಲಿ ಕಟ್ಟಿದ ಹಳೆಯ ಸಿ.ಡಿ.ಯಲ್ಲೂ ಬಣ್ಣ.

ಈ ಬಣ್ಣ ಎಲ್ಲಿಂದ ಬಂತು? ಮಳೆಹನಿಗೆ ಯಾರೂ ಬಣ್ಣ ಹಚ್ಚಿಲ್ಲ. ಸಿ.ಡಿ.ಗೂ ಹಚ್ಚಿಲ್ಲ. ಬಣ್ಣ ಬೆಳಕಿನೊಳಗೇ ಇದೆ.

ಹಗ್ಗವನ್ನು ದೂರದಿಂದ ನೋಡಿದರೆ ಒಂದೇ ಎಂದು ಕಾಣುತ್ತದೆ. ಹುರಿ ಬಿಚ್ಚಿದರೆ ಎಳೆ ಎಳೆ ಬೇರೆ ಆಗುತ್ತದೆ. ಬಿಸಿಲೂ ಹಾಗೆಯೇ. ಅದರಲ್ಲಿ ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ ಎಲ್ಲ ಸೇರಿವೆ. ಇಂಗ್ಲೆಂಡಿನ ಐಸಾಕ್ ನ್ಯೂಟನ್ 1666ರಲ್ಲಿ ಗಾಜಿನ ಪಟ್ಟಕದಿಂದ ಬಿಸಿಲನ್ನು ಹೀಗೆ ಬಿಡಿಸಿದರು. ಬಿಡಿಸಿದ ಬಣ್ಣಗಳನ್ನು ಮತ್ತೆ ಕೂಡಿಸಿ ಬಿಳಿ ಬೆಳಕನ್ನೂ ಮಾಡಿ ತೋರಿಸಿದರು.

ಬಿಡಿಸಿದ ಬಣ್ಣದ ಪಟ್ಟೆಗೆ ಶಾಲೆಯ ಪುಸ್ತಕದಲ್ಲಿ 'ರೋಹಿತ' ಎಂದು ಹೆಸರು. ರೋಹಿತವನ್ನು ನೋಡುವ ಉಪಕರಣ 'ರೋಹಿತದರ್ಶಕ'. ಹೆಸರು ದೊಡ್ಡದು, ಕೆಲಸ ಸುಲಭ. ಈ ಪಾಠದಲ್ಲಿ ನಾವು ಮನೆಯಲ್ಲೇ ಒಂದು ರೋಹಿತದರ್ಶಕ ಮಾಡೋಣ. ದುಡ್ಡು ಹೆಚ್ಚು ಬೇಡ. ಹಳೆಯ ಸಾಮಾನು ಸಾಕು.

ಮೊದಲು ಒಂದು ತಟ್ಟೆ ನೀರು

ಅಗಲವಾದ ತಟ್ಟೆಯಲ್ಲಿ ನೀರು ತುಂಬಿ. ಕಿಟಕಿಯ ಬಿಸಿಲಿನಲ್ಲಿ ಇಡಿ. ಮುಖ ನೋಡುವ ಸಣ್ಣ ಕನ್ನಡಿಯನ್ನು ನೀರಿನಲ್ಲಿ ಓರೆಯಾಗಿ ಒರಗಿಸಿ. ಅರ್ಧ ನೀರಿನೊಳಗಿರಲಿ. ಕನ್ನಡಿಯನ್ನು ನಿಧಾನವಾಗಿ ಅತ್ತ ಇತ್ತ ವಾಲಿಸಿ. ಗೋಡೆಯ ಮೇಲೆ, ಇಲ್ಲವೇ ಮಾಡಿನ ಮೇಲೆ ಕಾಮನಬಿಲ್ಲಿನ ತುಣುಕು ಬೀಳುತ್ತದೆ. ಕನ್ನಡಿಯ ಹೊಳಪು ಯಾರ ಕಣ್ಣಿಗೂ ಹೊಡೆಯದಂತೆ ನೋಡಿಕೊಳ್ಳಿ.

ನೀರು ಬೆಳಕನ್ನು ಬಾಗಿಸುತ್ತದೆ. ಕೆಂಪು ಕಡಿಮೆ ಬಾಗುತ್ತದೆ, ನೇರಳೆ ಹೆಚ್ಚು ಬಾಗುತ್ತದೆ. ಅದಕ್ಕೇ ಬಣ್ಣಗಳು ಬೇರೆ ಬೇರೆ ಆಗುತ್ತವೆ. ಮಳೆಹನಿಯೂ ಇದನ್ನೇ ಮಾಡುತ್ತದೆ.

ಡಬ್ಬಿ ಮಾಡುವ ಬಗೆ

ಬೇಕಾದ ಸಾಮಾನು: ಚಪ್ಪಲಿ ಅಥವಾ ಬೂಟಿನ ರಟ್ಟಿನ ಡಬ್ಬಿ ಒಂದು, ಹಳೆಯ ಸಿ.ಡಿ. ಒಂದು, ಕ್ಷೌರದ ಬ್ಲೇಡು ಎರಡು, ಅಂಟು ಟೇಪು, ಒಂದು ಪೋಸ್ಟ್ ಕಾರ್ಡು, ಸ್ವಲ್ಪ ಕಪ್ಪು ಕಾಗದ.

1. ಡಬ್ಬಿಯ ಒಂದು ಗಿಡ್ಡ ಗೋಡೆಯಲ್ಲಿ, ತಳದಿಂದ ಎರಡು ಬೆರಳು ಮೇಲೆ, ಬೆಂಕಿಪೊಟ್ಟಣದ ಅರ್ಧದಷ್ಟು ಕಿಟಕಿ ಕತ್ತರಿಸಿ.

2. ಆ ಕಿಟಕಿಗೆ ಎರಡು ಬ್ಲೇಡನ್ನು ಒಂದರ ಮೇಲೊಂದು ಬರುವಂತೆ ಅಡ್ಡಡ್ಡ ಅಂಟಿಸಿ. ಎರಡರ ಅಂಚೂ ಎದುರುಬದುರಾಗಿರಲಿ. ನಡುವೆ ಪೋಸ್ಟ್ ಕಾರ್ಡಿನ ದಪ್ಪದಷ್ಟು ಮಾತ್ರ ಸಂದಿ ಇರಲಿ. ಕಾರ್ಡನ್ನು ನಡುವೆ ಇಟ್ಟು ಅಂಟಿಸಿ, ಆಮೇಲೆ ಕಾರ್ಡನ್ನು ಎಳೆದುಬಿಡಿ. ಸಂದಿ ಸರಿಯಾಗಿ ಬರುತ್ತದೆ. ಈ ಅಡ್ಡ ಸೀಳಿನಿಂದ ಮಾತ್ರ ಬೆಳಕು ಒಳಗೆ ಬರಬೇಕು. ಬ್ಲೇಡಿನ ಕೆಲಸ ದೊಡ್ಡವರು ಮಾಡಿ. ಅಂಚಿಗೆ ಟೇಪು ಹಚ್ಚಿ ಕೈ ಕೊಯ್ಯದಂತೆ ಮಾಡಿ.

3. ಎದುರು ಕೊನೆಯಲ್ಲಿ ಸಿ.ಡಿ. ಇಡಿ. ಹೊಳೆಯುವ ಮುಖ ಸೀಳಿನ ಕಡೆ ಇರಲಿ. ಸಿ.ಡಿ.ಯ ಮೇಲಂಚು ಹಿಂದಿನ ಗೋಡೆಗೆ ಒರಗಲಿ. ಕೆಳಅಂಚು ಆ ಗೋಡೆಯಿಂದ ಮೂರು ನಾಲ್ಕು ಬೆರಳು ಮುಂದೆ ಇರಲಿ. ಗೋಡೆಗೆ ಏಣಿ ಒರಗಿಸಿದ ಹಾಗೆ.

4. ಮುಚ್ಚಳದಲ್ಲಿ, ಸಿ.ಡಿ.ಯ ಕೆಳಅಂಚಿನ ನೇರಕ್ಕೆ, ಒಂದು ರೂಪಾಯಿ ನಾಣ್ಯದಷ್ಟು ತೂತು ಮಾಡಿ. ಇದು ನೋಡುವ ತೂತು.

5. ಮುಚ್ಚಳ ಹಾಕಿ. ಸೀಳನ್ನು ದೀಪದ ಕಡೆ ಹಿಡಿಯಿರಿ. ಮೇಲಿನ ತೂತಿನಿಂದ ಒಳಗೆ ಬಗ್ಗಿ ನೋಡಿ. ಬಣ್ಣದ ಪಟ್ಟೆ ಕಾಣಬೇಕು. ಕಾಣದಿದ್ದರೆ ಸಿ.ಡಿ.ಯನ್ನು ಸ್ವಲ್ಪ ಹಿಂದೆ ಮುಂದೆ ವಾಲಿಸಿ. ಕಂಡ ಮೇಲೆ ಟೇಪು ಹಚ್ಚಿ ಗಟ್ಟಿ ಮಾಡಿ. ಮೂಲೆಯಿಂದ ಬೆಳಕು ನುಗ್ಗಿದರೆ ಕಪ್ಪು ಕಾಗದ ಅಂಟಿಸಿ.

ಸಿ.ಡಿ. ಬಣ್ಣ ಬಿಡಿಸುವುದು ಹೇಗೆ? ಅದರ ಮೈಮೇಲೆ ಉತ್ತ ಹೊಲದ ಹಾಗೆ ಸಾಲುಗಳಿವೆ. ಕಣ್ಣಿಗೆ ಕಾಣದಷ್ಟು ಸಣ್ಣ ಸಾಲುಗಳು. ಒಂದು ಮಿಲಿಮೀಟರಿನೊಳಗೆ ಸುಮಾರು 600 ಸಾಲು! ಈ ಸಾಲುಗಳಿಗೆ ಬಡಿದ ಬೆಳಕು ಬಣ್ಣಕ್ಕೊಂದು ದಿಕ್ಕಿಗೆ ಹೊರಡುತ್ತದೆ.

ಎಚ್ಚರಿಕೆ: ಈ ಡಬ್ಬಿಯಿಂದ ಸೂರ್ಯನನ್ನು ನೇರವಾಗಿ ನೋಡಲೇಬೇಡಿ. ಬರಿಗಣ್ಣಿನಿಂದಲೂ ನೋಡಬೇಡಿ. ಕಣ್ಣು ಹೋದರೆ ಮತ್ತೆ ಬಾರದು. ಮಕ್ಕಳಿಗೂ ಮೊದಲು ಇದನ್ನೇ ಹೇಳಿಕೊಡಿ.

ಯಾವ ದೀಪ, ಯಾವ ಪಟ್ಟೆ?

ಈಗ ಮನೆಯ ದೀಪಗಳನ್ನು ಒಂದೊಂದಾಗಿ ನೋಡೋಣ.

ತಂತಿಯ ಹಳೆಯ ಬಲ್ಬು: ಕೆಂಪಿನಿಂದ ನೇರಳೆಯವರೆಗೆ ಎಲ್ಲ ಬಣ್ಣ ಇದೆ. ನಡುವೆ ಎಲ್ಲೂ ಕಡಿದಿಲ್ಲ. ಕೆಂಪು ಜಾಸ್ತಿ, ನೀಲಿ ಕಡಿಮೆ.

ಎಣ್ಣೆ ದೀಪ, ಮೇಣದ ಬತ್ತಿ: ಇದೂ ಕಡಿಯದ ಪಟ್ಟೆ. ಬೆಂಕಿಯಲ್ಲಿ ಕಾದ ಮಸಿಯ ಕಣಗಳು ಬೆಳಗುತ್ತವೆ. ಅದೇ ಈ ಬೆಳಕು.

ಟ್ಯೂಬ್ ಲೈಟ್, ಸಿ.ಎಫ್.ಎಲ್.: ಇಲ್ಲಿ ಬೇರೆ ಥರ. ಹಸಿರು ಗೆರೆ ಎದ್ದು ಕಾಣುತ್ತದೆ. ನೀಲಿ-ನೇರಳೆ ಗೆರೆಯೂ ಬೇರೆಯಾಗಿ ನಿಲ್ಲುತ್ತದೆ. ಈ ಎರಡು ಗೆರೆ ಕೊಳವೆಯೊಳಗಿನ ಪಾದರಸದ ಆವಿಯವು. ಪಾದರಸ ವಿಷ. ಟ್ಯೂಬು ಒಡೆಯಬೇಡಿ. ಒಡೆದರೆ ಕಿಟಕಿ ತೆಗೆದು ಸ್ವಲ್ಪ ಹೊತ್ತು ಹೊರಗೆ ಹೋಗಿ. ಚೂರನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಎಲ್.ಇ.ಡಿ. ಬಲ್ಬು: ನೀಲಿ ಬಹಳ ಹೊಳೆಯುತ್ತದೆ. ನೀಲಿ ಮತ್ತು ಹಸಿರಿನ ನಡುವೆ ಮಂಕು. ಆಮೇಲೆ ಹಸಿರು, ಹಳದಿ, ಕೆಂಪು ಸೇರಿಕೊಂಡು ಬರುತ್ತವೆ.

ಎಲ್ಲವೂ ಹೊರಗಿನಿಂದ ದೀಪಗಳೇ. ಡಬ್ಬಿಯಲ್ಲಿ ನೋಡಿದರೆ ಒಂದರಂತೆ ಇನ್ನೊಂದಿಲ್ಲ. ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಬಣ್ಣದ ಪೆನ್ಸಿಲಿನಿಂದ ಪಟ್ಟೆ ಎಳೆಯಿರಿ.

ಒಲೆಯ ಮೇಲೆ ಉಪ್ಪು

ಗ್ಯಾಸ್ ಒಲೆಯ ಉರಿ ನೀಲಿ. ಸಾರು ಉಕ್ಕಿ ಒಲೆಗೆ ಚೆಲ್ಲಿದಾಗ ಉರಿ ಒಮ್ಮೆಲೇ ಹಳದಿ ಆಗುತ್ತದೆ. ಅಡುಗೆ ಮಾಡುವ ಎಲ್ಲರಿಗೂ ಇದು ಗೊತ್ತು. ಯಾಕೆ ಹಾಗೆ ಎಂದು ಕೇಳಿದವರು ಕಡಿಮೆ. ಹಳದಿ ಮಾಡಿದ್ದು ಸಾರಿನ ಉಪ್ಪು.

ಪರೀಕ್ಷೆ ಮಾಡೋಣ. ಉದ್ದ ಹಿಡಿಯ ಸ್ಟೀಲ್ ಚಮಚವನ್ನು ಉಪ್ಪುನೀರಿನಲ್ಲಿ ಅದ್ದಿ. ಒಬ್ಬರು ಚಮಚದ ತುದಿಯನ್ನು ಉರಿಯ ಅಂಚಿಗೆ ಹಿಡಿಯಲಿ. ಇನ್ನೊಬ್ಬರು ಎರಡು ಮಾರು ದೂರ ನಿಂತು ಡಬ್ಬಿಯಲ್ಲಿ ನೋಡಲಿ. ಮನೆಯ ದೀಪ ಆರಿಸಿ. ಸೆರಗು, ದುಪ್ಪಟ್ಟ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಳ್ಳಿ. ಕೈಯಲ್ಲಿ ದಪ್ಪ ಬಟ್ಟೆ ಇರಲಿ. ರಟ್ಟಿನ ಡಬ್ಬಿ ಬೆಂಕಿಯ ಹತ್ತಿರ ಬೇಡ.

ಏನು ಕಂಡಿತು? ಹಳದಿ ಜಾಗದಲ್ಲಿ ಒಂದು ಹೊಳೆಯುವ ಗೆರೆ. ಅದೇ ಎಲ್ಲಕ್ಕಿಂತ ಎದ್ದು ಕಾಣುತ್ತದೆ.

ಉಪ್ಪಿನಲ್ಲಿ ಸೋಡಿಯಂ ಎಂಬ ವಸ್ತು ಇದೆ. ಆ ಗೆರೆ ಸೋಡಿಯಂನದು. ಸಮುದ್ರದ ಉಪ್ಪಾಗಲಿ, ಅಡುಗೆ ಸೋಡ ಆಗಲಿ, ಸೋಡಿಯಂ ಇದ್ದರೆ ಗೆರೆ ಅದೇ ಜಾಗದಲ್ಲಿ ಬರುತ್ತದೆ. ಒಂದು ಕೂದಲೆಳೆಯೂ ಅತ್ತಿತ್ತ ಆಗದು. ದೀಪಾವಳಿಯ ಕೆಂಪು ಮತಾಪಿನಲ್ಲಿ ಸ್ಟ್ರಾನ್ಷಿಯಂ ಎಂಬ ವಸ್ತು ಇರುತ್ತದೆ. ಅದರ ಗೆರೆಗಳು ಬೇರೆ ಜಾಗದಲ್ಲಿವೆ. ತಾಮ್ರದ್ದು ಮತ್ತೂ ಬೇರೆ.

ಒಬ್ಬ ಅಣ್ಣ ಕೇಳಿದರು: "ಮೇಷ್ಟ್ರೇ, ಹಂಗಾದ್ರೆ ಇದು ಉಪ್ಪಿನ ಹೆಬ್ಬೆಟ್ಟಿನ ಗುರುತು ಅಂದಂಗಾಯ್ತಲ್ಲ?"

ಸರಿಯಾದ ಮಾತು. ಒಬ್ಬರ ಹೆಬ್ಬೆಟ್ಟಿನ ಗೆರೆ ಇನ್ನೊಬ್ಬರಿಗಿಲ್ಲ. ಹಾಗೆಯೇ ಒಂದು ಮೂಲಧಾತುವಿನ ಗೆರೆ ಇನ್ನೊಂದಕ್ಕಿಲ್ಲ. ಇದು ಅದರ ಗುರುತು, ಅದರ ಸಹಿ. ಈ ಸಹಿಯನ್ನು ಯಾರೂ ಖೊಟ್ಟಿ ಮಾಡಲಾರರು.

ಯಾಕೆ ಹೀಗೆ? ಪ್ರತಿ ವಸ್ತುವೂ ಬಹಳ ಸಣ್ಣ ಪರಮಾಣುಗಳಿಂದ ಆಗಿದೆ. ಪರಮಾಣುವಿನಲ್ಲಿ ಎಲೆಕ್ಟ್ರಾನು ಎಂಬ ಇನ್ನೂ ಸಣ್ಣ ಕಣಗಳಿವೆ. ಅವು ನಿಲ್ಲುವುದಕ್ಕೆ ಮೆಟ್ಟಿಲುಗಳಿವೆ ಎಂದುಕೊಳ್ಳಿ. ಬಿಸಿ ಆದಾಗ ಎಲೆಕ್ಟ್ರಾನು ಮೇಲಿನ ಮೆಟ್ಟಿಲಿಗೆ ಹಾರುತ್ತದೆ. ಕೆಳಗೆ ಇಳಿಯುವಾಗ ಬೆಳಕು ಬಿಡುತ್ತದೆ. ಮೆಟ್ಟಿಲು ಎಷ್ಟು ಎತ್ತರವೋ ಅದರಂತೆ ಬಣ್ಣ. ಮನೆ ಮನೆಗೆ ಮೆಟ್ಟಿಲಿನ ಎತ್ತರ ಬೇರೆ ಇರುತ್ತದಲ್ಲ? ಹಾಗೆ ಒಂದೊಂದು ಧಾತುವಿನ ಮೆಟ್ಟಿಲೂ ಬೇರೆ.

ಕೂಲಿ ಹುಡುಗ ಓದಿದ ಗೆರೆಗಳು

ಜರ್ಮನಿ ದೇಶದಲ್ಲಿ 1787ರಲ್ಲಿ ಜೋಸೆಫ್ ಫ್ರಾನ್‌ಹೋಫರ್ ಎಂಬ ಹುಡುಗ ಹುಟ್ಟಿದ. ತಂದೆ ಗಾಜಿನ ಕೆಲಸದವರು. ಚಿಕ್ಕಂದಿನಲ್ಲೇ ತಂದೆ ತಾಯಿ ತೀರಿಕೊಂಡರು. ಹುಡುಗನನ್ನು ಮ್ಯೂನಿಕ್ ಊರಿನ ಕನ್ನಡಿ ಮಾಡುವವನ ಹತ್ತಿರ ಕೆಲಸಕ್ಕೆ ಬಿಟ್ಟರು. ಧಣಿ ಅವನನ್ನು ಓದಲು ಬಿಡುತ್ತಿರಲಿಲ್ಲ. 1801ರಲ್ಲಿ ಆ ಮನೆ ಕುಸಿದು ಬಿತ್ತು. ಹುಡುಗ ಕಲ್ಲು ಮಣ್ಣಿನಡಿ ಸಿಕ್ಕಿಕೊಂಡ. ಜನ ಅಗೆದು ಜೀವಂತ ತೆಗೆದರು. ಆ ನಾಡಿನ ಅರಸ ಅವನಿಗೆ ಹಣ ಕೊಟ್ಟ. ಆ ಹಣದಿಂದ ಅವನು ಪುಸ್ತಕ ಕೊಂಡ, ಗಾಜು ಉಜ್ಜುವ ಯಂತ್ರ ಕೊಂಡ, ಧಣಿಯ ಕೈಯಿಂದ ಬಿಡುಗಡೆ ಪಡೆದ.

ಇದೇ ಹುಡುಗ ಬೆಳೆದು ಒಳ್ಳೆಯ ಗಾಜು ಮಾಡುವುದರಲ್ಲಿ ಹೆಸರಾದರು. 1814ರಲ್ಲಿ ಅವರು ಬಿಸಿಲಿನ ರೋಹಿತವನ್ನು ಬಹಳ ಹತ್ತಿರದಿಂದ ನೋಡಿದರು. ಬಣ್ಣದ ನಡುವೆ ಸಣ್ಣ ಸಣ್ಣ ಕಪ್ಪು ಗೆರೆಗಳಿದ್ದವು. ಅವರು 500ಕ್ಕಿಂತ ಹೆಚ್ಚು ಗೆರೆಗಳನ್ನು ಎಣಿಸಿ ನಕ್ಷೆ ಮಾಡಿದರು. ಮುಖ್ಯ ಗೆರೆಗಳಿಗೆ ಎ, ಬಿ, ಸಿ, ಡಿ ಎಂದು ಅಕ್ಷರದ ಹೆಸರು ಇಟ್ಟರು. ಅವೇ ಹೆಸರು ಇಂದಿಗೂ ನಡೆಯುತ್ತಿವೆ. ಅವರು 1826ರಲ್ಲಿ, 39ನೆಯ ವಯಸ್ಸಿನಲ್ಲಿ ತೀರಿಕೊಂಡರು. ಗೆರೆಗಳ ಅರ್ಥ ಆಗ ಯಾರಿಗೂ ತಿಳಿದಿರಲಿಲ್ಲ.

1835ರಲ್ಲಿ ಫ್ರಾನ್ಸಿನ ಆಗಸ್ಟ್ ಕಾಂಟ್ ಎಂಬ ದೊಡ್ಡ ಪಂಡಿತರು ಒಂದು ಮಾತು ಬರೆದರು. ನಕ್ಷತ್ರಗಳು ಯಾವ ವಸ್ತುವಿನಿಂದ ಆಗಿವೆ ಎಂದು ಮನುಷ್ಯರು ಎಂದಿಗೂ ತಿಳಿಯಲಾರರು ಎಂಬುದು ಆ ಮಾತಿನ ಸಾರ. ಅಲ್ಲಿಗೆ ಹೋಗಿ ಮುಟ್ಟುವಂತಿಲ್ಲ, ತರುವಂತಿಲ್ಲ. ಹೇಗೆ ತಿಳಿದೀತು?

ಆದರೆ 24 ವರ್ಷಕ್ಕೇ ಆ ಮಾತು ಸುಳ್ಳಾಯಿತು. 1859ರಲ್ಲಿ ಜರ್ಮನಿಯ ಕಿರ್ಚಾಫ್ ಮತ್ತು ಬುನ್ಸೆನ್ ಎಂಬ ಇಬ್ಬರು ಉರಿಯಲ್ಲಿ ಉಪ್ಪು ಹಾಕಿ ನೋಡಿದರು. ನಾವು ಒಲೆಯ ಮುಂದೆ ನೋಡಿದ್ದನ್ನೇ ಅವರೂ ನೋಡಿದರು. ಉಪ್ಪಿನ ಹಳದಿ ಗೆರೆ ಎಲ್ಲಿದೆಯೋ, ಬಿಸಿಲಿನ ಕಪ್ಪು 'ಡಿ' ಗೆರೆಯೂ ಅಲ್ಲೇ ಇದೆ! ಕಾದ ಆವಿ ತಾನು ಯಾವ ಬಣ್ಣ ಬಿಡುತ್ತದೆಯೋ, ಹಿಂದಿನಿಂದ ಜೋರಾದ ಬೆಳಕು ಬಂದರೆ ಅದೇ ಬಣ್ಣವನ್ನು ನುಂಗುತ್ತದೆ. ನುಂಗಿದ ಜಾಗ ಕಪ್ಪಾಗಿ ಕಾಣುತ್ತದೆ. ಸೂರ್ಯನ ಮೇಲ್ಪದರದಲ್ಲಿ ಸೋಡಿಯಂ ಆವಿ ಇದೆ. ಅದು ಹಳದಿಯನ್ನು ನುಂಗಿ ನಮಗೆ ಕಪ್ಪು ಗೆರೆ ಕಳಿಸುತ್ತದೆ.

ನಮ್ಮ ಉಪ್ಪಿನ ಭರಣಿಯಲ್ಲಿ ಇರುವ ಸೋಡಿಯಂ 15 ಕೋಟಿ ಕಿಲೋಮೀಟರು ದೂರದ ಸೂರ್ಯನಲ್ಲೂ ಇದೆ. ಯಾರೂ ಅಲ್ಲಿಗೆ ಹೋಗಲಿಲ್ಲ. ಅದರ ಸಹಿ ಓದಿದರು, ಅಷ್ಟೆ.

ನೀವೂ ನೋಡಬಹುದು. ಬಿಳಿ ಹಾಳೆಯನ್ನು ಬಿಸಿಲಿನಲ್ಲಿ ಇಡಿ. ಡಬ್ಬಿಯ ಸೀಳನ್ನು ಆ ಹಾಳೆಯ ಕಡೆ ಹಿಡಿಯಿರಿ. ಸೀಳು ತೀರಾ ಸಣ್ಣದಾಗಿದ್ದರೆ, ಕಣ್ಣು ಪಳಗಿದ ಮೇಲೆ, ಒಂದೆರಡು ತೆಳು ಕಪ್ಪು ಗೆರೆ ಕಂಡಾವು. ಮೊದಲ ದಿನವೇ ಕಾಣದಿದ್ದರೆ ಬೇಸರ ಬೇಡ. ಅಕ್ಷರಗಳೂ ನಮಗೆ ಮೊದಲ ದಿನ ಬರೀ ಗೆರೆಯಾಗಿ ಕಂಡಿದ್ದವು.

ಜಮಖಂಡಿಯ ಗ್ರಹಣ

1868ರ ಆಗಸ್ಟ್ 18. ಅಂದು ಪೂರ್ಣ ಸೂರ್ಯಗ್ರಹಣ. ಗ್ರಹಣ ಅಂದರೆ ಸೂರ್ಯನಿಗೆ ಚಂದ್ರ ಅಡ್ಡ ಬರುವುದು. ಅಂದು ಚಂದ್ರನ ನೆರಳು ಪಶ್ಚಿಮದ ಕರಾವಳಿಯಿಂದ ಒಳಗೆ ಬಂತು. ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯ ಮೇಲೆ ಹಾಯಿತು. ಆಂಧ್ರದ ಗುಂಟೂರು ದಾಟಿ ಬಂಗಾಳ ಕೊಲ್ಲಿಗೆ ಹೋಯಿತು.

ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಎಂಬ ಅಧಿಕಾರಿ ರೋಹಿತದರ್ಶಕ ಇಟ್ಟುಕೊಂಡು ಕಾದಿದ್ದರು. ಮೋಡ ಕಾಡಿತು. ಆದರೂ ಮೋಡದ ಸಂದಿಯಲ್ಲಿ ಸೂರ್ಯನ ಅಂಚಿನ ಜ್ವಾಲೆಗಳು ಸಿಕ್ಕವು. ಅವುಗಳ ಬೆಳಕಿನಲ್ಲಿ ಹೊಳೆಯುವ ಗೆರೆಗಳು ಕಂಡವು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಅವರೂ ಅದೇ ಬಗೆಯ ಗೆರೆಗಳನ್ನು ನೋಡಿದರು. ಅವುಗಳಲ್ಲಿ ಒಂದು ಹಳದಿ ಗೆರೆ ಇತ್ತು. ಅಂದು ನೋಡಿದ ಹಲವರು, ಇದು ಉಪ್ಪಿನ ಗೆರೆಯೇ ಇರಬೇಕು ಎಂದುಕೊಂಡರು.

ಅದೇ ವರ್ಷ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕ್‌ಯರ್ ಅದನ್ನು ಸರಿಯಾಗಿ ಅಳೆದರು. ಗೆರೆ ಉಪ್ಪಿನ ಗೆರೆಯ ಪಕ್ಕದಲ್ಲಿತ್ತು, ಅದರ ಜಾಗದಲ್ಲಿ ಇರಲಿಲ್ಲ. ಭೂಮಿಯ ಮೇಲೆ ಗೊತ್ತಿದ್ದ ಯಾವ ವಸ್ತುವಿನ ಸಹಿಯೂ ಅದಾಗಿರಲಿಲ್ಲ. ಹೊಸ ವಸ್ತುವಿಗೆ 'ಹೀಲಿಯಂ' ಎಂದು ಹೆಸರಾಯಿತು. ಗ್ರೀಕ್ ಭಾಷೆಯಲ್ಲಿ ಹೀಲಿಯೋಸ್ ಎಂದರೆ ಸೂರ್ಯ. 1895ರಲ್ಲಿ ವಿಲಿಯಂ ರಾಮ್ಸೆ ಭೂಮಿಯ ಒಂದು ಖನಿಜದಲ್ಲಿ ಅದೇ ಹೀಲಿಯಂ ಕಂಡುಹಿಡಿದರು. ಮೊದಲು ಸೂರ್ಯನಲ್ಲಿ ಗುರುತು ಸಿಕ್ಕಿತು. ಭೂಮಿಯಲ್ಲಿ ಸಿಗಲು 27 ವರ್ಷ ಬೇಕಾಯಿತು.

ನಮ್ಮ ಸಿ.ವಿ. ರಾಮನ್ ಅವರೂ ಬೆಳಕಿನ ಗೆರೆ ಓದಿದವರೇ. ಅವರು ಕಲ್ಕತ್ತದಲ್ಲಿ ಕೆ.ಎಸ್. ಕೃಷ್ಣನ್ ಅವರ ಜೊತೆ ಕೆಲಸ ಮಾಡುತ್ತಿದ್ದರು. ದ್ರವದಲ್ಲಿ ಚದುರಿದ ಬೆಳಕಿನಲ್ಲಿ ಸ್ವಲ್ಪ ಭಾಗ ಬಣ್ಣ ಬದಲಿಸುತ್ತದೆ ಎಂದು 1928ರ ಫೆಬ್ರವರಿ 28ರಂದು ಕಂಡರು. ಆಗ ಅವರ ಕೈಯಲ್ಲಿದ್ದುದು ಜೇಬಿನಲ್ಲಿಡುವಂಥ ಸಣ್ಣ ರೋಹಿತದರ್ಶಕ. 1930ರಲ್ಲಿ ನೊಬೆಲ್ ಬಹುಮಾನ ಬಂತು. 1933ರಲ್ಲಿ ಬೆಂಗಳೂರಿಗೆ ಬಂದರು, ಕೊನೆಯವರೆಗೂ ಇಲ್ಲೇ ಇದ್ದರು. ಫೆಬ್ರವರಿ 28ನ್ನು ನಾವು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸುತ್ತೇವೆ.

ನಮ್ಮ ಹೊಲಕ್ಕೆ ಇದರಿಂದ ಏನು?

"ಸೂರ್ಯನಾಗೆ ಏನಿದ್ರೆ ನಮಗೇನ್ ಬಂತು ಮೇಷ್ಟ್ರೇ?" ಎಂದು ಒಬ್ಬ ಅಕ್ಕ ಕೇಳಿದರು. ಕೇಳಲೇಬೇಕಾದ ಪ್ರಶ್ನೆ.

ಹೊಲದ ಮಣ್ಣನ್ನು ಪರೀಕ್ಷೆಗೆ ಕೊಡುತ್ತೇವೆ. ಅದರಲ್ಲಿ ಪೊಟ್ಯಾಷ್ ಎಷ್ಟಿದೆ ಎಂದು ಹೇಗೆ ತಿಳಿಯುತ್ತಾರೆ? ಮಣ್ಣಿನ ಸಾರ ತೆಗೆದು ಉರಿಗೆ ಸಿಂಪಡಿಸುತ್ತಾರೆ. ಪೊಟ್ಯಾಷ್ ತನ್ನ ಬಣ್ಣದ ಬೆಳಕು ಬಿಡುತ್ತದೆ. ಬೆಳಕು ಹೆಚ್ಚಿದ್ದರೆ ಪೊಟ್ಯಾಷ್ ಹೆಚ್ಚು, ಕಡಿಮೆ ಇದ್ದರೆ ಕಡಿಮೆ. ಯಂತ್ರ ಆ ಬೆಳಕನ್ನು ಅಳೆದು ಅಂಕಿ ಕೊಡುತ್ತದೆ. ಒಲೆಯ ಮೇಲಿನ ಉಪ್ಪಿನ ಪರೀಕ್ಷೆಯ ಅಣ್ಣತಮ್ಮ ಇದು. ಸತು, ಕಬ್ಬಿಣದಂಥ ಧಾತುಗಳನ್ನೂ ಬೆಳಕಿನ ಸಹಿಯಿಂದಲೇ ಅಳೆಯುತ್ತಾರೆ.

2015ರಿಂದ ರೈತರಿಗೆ ಮಣ್ಣು ಆರೋಗ್ಯ ಚೀಟಿ ಕೊಡುತ್ತಿದ್ದಾರೆ. ಹಲವು ಮನೆಗಳಲ್ಲಿ ಆ ಚೀಟಿ ಪೆಟ್ಟಿಗೆಯ ತಳದಲ್ಲಿದೆ. ಯಾರೂ ಓದಿಲ್ಲ. ಗೊಬ್ಬರ ಮಾತ್ರ ಪಕ್ಕದ ಹೊಲದವರು ಹಾಕಿದಷ್ಟೇ ಹಾಕುತ್ತೇವೆ. ಪೊಟ್ಯಾಷ್ ಗೊಬ್ಬರ ಹೊರದೇಶದಿಂದ ಹಡಗಿನಲ್ಲಿ ಬರುವ ಮಾಲು. ಮಣ್ಣಿನಲ್ಲಿ ಸಾಕಷ್ಟು ಇದ್ದರೂ ಸುರಿದರೆ ದುಡ್ಡು ಮಣ್ಣುಪಾಲು. ಇಲ್ಲದಿದ್ದರೂ ಹಾಕದೆ ಬಿಟ್ಟರೆ ಬೆಳೆ ಸೊರಗುತ್ತದೆ. ಬೆಳಕು ತನ್ನ ಸಾಕ್ಷಿ ಹೇಳಿಯಾಗಿದೆ. ಅದು ಅಂಕಿಯಾಗಿ ಚೀಟಿಯಲ್ಲಿ ಕೂತಿದೆ. ಓದುವುದು ನಮ್ಮ ಕೈಯಲ್ಲಿದೆ. ಚೀಟಿ ಇಲ್ಲದವರು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಒಂದು ಮಾತು ನೆನಪಿಡಿ. ನಮ್ಮ ರಟ್ಟಿನ ಡಬ್ಬಿಯಿಂದ ಮಣ್ಣಿನ ಪರೀಕ್ಷೆ ಆಗದು. ಹಾಲಿನ ಕಲಬೆರಕೆಯೂ ತಿಳಿಯದು. ಅದು ದೀಪ ಮತ್ತು ಉರಿಯ ಬೆಳಕನ್ನು ಬಿಡಿಸಿ ತೋರಿಸುತ್ತದೆ. ಅಳತೆಗೆ ಪ್ರಯೋಗಾಲಯ ಬೇಕು. ಆದರೆ ಪ್ರಯೋಗಾಲಯದವರು ಯಾವ ದಾರಿಯಲ್ಲಿ ತಿಳಿದರು ಎಂಬುದು ಈಗ ನಮಗೂ ಗೊತ್ತು. ಗೊತ್ತಿದ್ದವರು ಪ್ರಶ್ನೆ ಕೇಳಬಹುದು.

ಹೊಸ ಪದಗಳು

ರೋಹಿತ: ಬೆಳಕನ್ನು ಬಿಡಿಸಿದಾಗ ಕಾಣುವ ಬಣ್ಣದ ಪಟ್ಟೆ.
ರೋಹಿತದರ್ಶಕ: ರೋಹಿತ ನೋಡುವ ಉಪಕರಣ.
ಮೂಲಧಾತು: ಇನ್ನೊಂದು ವಸ್ತುವಾಗಿ ಒಡೆಯಲು ಬಾರದ ವಸ್ತು. ಉದಾಹರಣೆಗೆ ಸೋಡಿಯಂ, ತಾಮ್ರ, ಕಬ್ಬಿಣ.
ಪರಮಾಣು: ಮೂಲಧಾತುವಿನ ಅತಿ ಸಣ್ಣ ಕಣ.

ಓದಿ, ಉತ್ತರ ಹೇಳಿ

1. ಸಾರು ಉಕ್ಕಿದಾಗ ಗ್ಯಾಸಿನ ಉರಿ ಹಳದಿ ಆಗುವುದು ಯಾಕೆ?
2. ಟ್ಯೂಬ್ ಲೈಟಿನ ಹಸಿರು ಗೆರೆ ಯಾವ ವಸ್ತುವಿನದು?
3. ಹೀಲಿಯಂ ಗುರುತು ಮೊದಲು ಎಲ್ಲಿ ಸಿಕ್ಕಿತು?
4. ಆಗಸ್ಟ್ ಕಾಂಟ್ ಹೇಳಿದ್ದು ಯಾಕೆ ಸುಳ್ಳಾಯಿತು?

ಸರಿಯೋ, ತಪ್ಪೋ?

1. ಡಬ್ಬಿಯಿಂದ ಸೂರ್ಯನನ್ನು ನೇರ ನೋಡಬಹುದು.
2. ಎರಡು ಬೇರೆ ಧಾತುಗಳಿಗೆ ಗೆರೆಗಳು ಒಂದೇ ಥರ ಇರುತ್ತವೆ.
3. ಮಣ್ಣಿನ ಪೊಟ್ಯಾಷನ್ನು ಉರಿಯ ಬೆಳಕಿನಿಂದ ಅಳೆಯುತ್ತಾರೆ.

ಮಾಡಿ, ಬರೆಯಿರಿ

ಒಂದು ಹಾಳೆಯಲ್ಲಿ ಮೂರು ಸಾಲು ಎಳೆಯಿರಿ. ಮೊದಲ ಸಾಲಿನಲ್ಲಿ ದೀಪದ ಹೆಸರು, ಎರಡನೆಯದರಲ್ಲಿ ಕಂಡ ಬಣ್ಣಗಳು, ಮೂರನೆಯದರಲ್ಲಿ ಪಟ್ಟೆ ಕಡಿದಿತ್ತೋ ಇಲ್ಲವೋ ಎಂದು ಬರೆಯಿರಿ. ನಾಲ್ಕು ದೀಪಗಳನ್ನಾದರೂ ನೋಡಿ. ಮನೆಯಲ್ಲಿ ಮಣ್ಣು ಆರೋಗ್ಯ ಚೀಟಿ ಇದ್ದರೆ ಅದರ ಪೊಟ್ಯಾಷ್ ಅಂಕಿಯನ್ನು ಹಾಳೆಯ ಹಿಂದೆ ಬರೆಯಿರಿ. ಎಲ್ಲರೂ ಕೇಂದ್ರಕ್ಕೆ ತನ್ನಿ, ಹೋಲಿಸಿ ನೋಡೋಣ.

ಹಾಳೆಯ ಕೆಳಗೆ ತಾರೀಕು ಬರೆಯಿರಿ. ನಿಮ್ಮ ಸಹಿ ಹಾಕಿ.